ಭಂಗಾರ್ ಮಾರಿ ಸೈನಿಕರ ಮನೆಗೆ: ಬೇಲಾಪುರದವರಿಗೆ ಹದಿಮೂರು ಸೂತ್ರಗಳು

ನವಿಮುಂಬಯಿಯ ಬೇಲಾಪುರದ ಯಾವ ಸೆಕ್ಟರಿನಲ್ಲೇ ಇರಿ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಆ ಕೂಗು ಕೇಳಿಸುತ್ತದೆ: ‘ರದ್ದೀ, ಭಂಗಾರ್!’ ಊರಿನಿಂದ ಮೊದಲ ಸಲ ಬಂದಿದ್ದ ನನ್ನ ತಾಯಿ ಅದನ್ನು ಕೇಳಿ ಬಾಲ್ಕನಿಗೆ ಓಡಿದ್ದರು. ಬಂಗಾರ ಕೊಳ್ಳುವವರು ಹೀಗೆ ಕೈಗಾಡಿ ತಳ್ಳಿಕೊಂಡು ಬರುತ್ತಾರೆಯೇ ಎಂದು ಅವರಿಗೆ ಬೆರಗು. ಮರಾಠಿಯ ಭಂಗಾರ್ ಅಂದರೆ ನಮ್ಮ ಗುಜರಿ, ಅಮ್ಮ, ಎಂದು ಹೇಳಿ ಒಳಗೆ ಕರೆದುಕೊಂಡು ಬಂದೆ. ಆಮೇಲೆ ನಮ್ಮ ಸೊಸೈಟಿಯ ಮೆಟ್ಟಿಲಡಿ ಒಂದು ತಗಡಿನ ಡ್ರಮ್ಮು ಇಟ್ಟೆವು. ಮನೆಮನೆಯ ಹಳೆ ಲೋಹ ಅದರಲ್ಲಿ ಕೂಡಿಸಿ, ಮಾರಿ, ಬಂದ ಹಣವನ್ನು ಮಾಜಿ ಸೈನಿಕರ ನಿಧಿಗೆ ಕಟ್ಟತೊಡಗಿದೆವು. ಈಗ ಅನ್ನಿಸುತ್ತದೆ, ತಾಯಿ ಕೇಳಿಸಿಕೊಂಡದ್ದೇ ಸರಿ.

ಲೆಕ್ಕ ಹಾಕಿ ನೋಡಿ. ನೂರು ಮನೆಗಳ ಒಂದು ಸೊಸೈಟಿ. ಒಂದೊಂದು ಮನೆ ಇಡೀ ವರ್ಷಕ್ಕೆ 500 ರೂಪಾಯಿಯಷ್ಟು ಲೋಹ ಕೊಟ್ಟಿತು ಎನ್ನಿ. 50,000 ರೂಪಾಯಿ ಆಯಿತು. ಪಿಂಚಣಿ ಇಲ್ಲದ ವೃದ್ಧ ಸೈನಿಕರೊಬ್ಬರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಸಿಗುವ ನೆರವು ತಿಂಗಳಿಗೆ 8,000 ರೂಪಾಯಿ. ಅಂದರೆ ಒಂದು ಕಟ್ಟಡದ ತುಕ್ಕು ಕಬ್ಬಿಣ ಒಂದು ಮನೆಯ ಒಲೆಯನ್ನು ಆರು ತಿಂಗಳು ಉರಿಸಬಲ್ಲದು. ಕೆಲಸ ಸುಲಭ. ಆದರೆ ಡ್ರಮ್ಮಿನಿಂದ ಆ ಒಲೆಯವರೆಗಿನ ದಾರಿಯಲ್ಲಿ ಕೈತಪ್ಪುವ ಜಾಗಗಳು ಬಹಳ. ಕೆಳಗಿನ ಸೂತ್ರಗಳೆಲ್ಲ ಆ ಜಾಗಗಳನ್ನು ಕುರಿತವು.

1. ಯಾರಿಗೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

‘ಸೈನಿಕರಿಗೆ ಸಹಾಯ’ ಎಂದು ಡಬ್ಬಿಯ ಮೇಲೆ ಬರೆದರೆ ಸಾಲದು. ಸೈನಿಕರಿಗೆ ಸರ್ಕಾರ ಪಿಂಚಣಿ ಕೊಡುತ್ತದಲ್ಲ, ನಾವೇಕೆ ಕೊಡಬೇಕು ಎಂದು ಸೊಸೈಟಿಯ ಮೊದಲ ಸಭೆಯಲ್ಲೇ ಯಾರಾದರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಇದು: ಜವಾನರಿಗೆ ಸೇವಾ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ತುಂಬಿರಬೇಕು. ಅದಕ್ಕೆ ಮೊದಲೇ ಬಿಡುಗಡೆಯಾಗಿ ಮನೆಗೆ ಬಂದವರಿದ್ದಾರೆ. ಅವರು ತೀರಿಕೊಂಡ ಮೇಲೆ ಉಳಿದ ಹೆಂಡತಿಯರಿದ್ದಾರೆ. ಯುದ್ಧ ನೋಡಿದ ಮನೆ, ಆದರೆ ತಿಂಗಳ ಮೊದಲ ತಾರೀಖಿಗೆ ಏನೂ ಬರುವುದಿಲ್ಲ. ಸೈನಿಕ ಮಂಡಳಿಯ ನೆರವು ಮುಖ್ಯವಾಗಿ ಇಂಥ ಮನೆಗಳಿಗೆ: 65 ದಾಟಿದ, ಬೇರೆ ಆದಾಯವಿಲ್ಲದ, ಪಿಂಚಣಿ ಇಲ್ಲದ ಮಾಜಿ ಸೈನಿಕರು ಮತ್ತು ಅವರ ವಿಧವೆಯರು. ತಿಂಗಳಿಗೆ 4,000 ಇದ್ದ ಈ ಮೊತ್ತ 2025ರ ನವೆಂಬರ್ 1ರಿಂದ 8,000 ಆಗಿದೆ. ಆಗಲೇ ಮಕ್ಕಳ ಓದಿನ ನೆರವು ತಲಾ 1,000ದಿಂದ 2,000ಕ್ಕೆ, ಮಗಳ ಮದುವೆಯ ನೆರವು 50,000ದಿಂದ ಒಂದು ಲಕ್ಷಕ್ಕೆ ಏರಿತು.

ಈ ದುಡ್ಡೆಲ್ಲ ಬರುವುದು ಸಶಸ್ತ್ರ ಪಡೆಗಳ ಧ್ವಜದಿನ ನಿಧಿಯಿಂದ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಬಾವುಟ ಹಂಚಿ ಹಣ ಕೂಡಿಸುವುದು ಇದಕ್ಕೇ. ಶಾಲೆಯಲ್ಲಿದ್ದಾಗ ನಾವೆಲ್ಲ ಅದನ್ನು ಅಂಗಿಗೆ ಚುಚ್ಚಿಕೊಂಡವರೇ. ಆ ಚಿಲ್ಲರೆ ಎಲ್ಲಿಗೆ ಹೋಗುತ್ತದೆ ಎಂದು ಆಗ ಕೇಳಿರಲಿಲ್ಲ, ಅಷ್ಟೇ.

ನಿಧಿ ದೂರದ್ದು ಎನ್ನಿಸಿದರೆ ಪುಣೆಯ ಖಡಕಿಯನ್ನು ನೆನೆಯಿರಿ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ತಾಂತ್ರಿಕ ಸಂಸ್ಥೆ ಅಲ್ಲಿದೆ. 1917ರಲ್ಲಿ, ಮೊದಲ ಮಹಾಯುದ್ಧದ ಗಾಯಾಳುಗಳಿಗಾಗಿ ಹುಟ್ಟಿದ್ದು. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲೇ ಬದುಕು ಕಟ್ಟಿಕೊಂಡ ಯೋಧರ ಪುನರ್ವಸತಿ ಕೇಂದ್ರವೂ 1974ರಿಂದ ಅಲ್ಲೇ ಇದೆ. ಎರಡೂ ಕಡೆ ದೇಣಿಗೆ ಸ್ವೀಕರಿಸುತ್ತಾರೆ. ಒಂದು ಭಾನುವಾರ ಎಕ್ಸ್‌ಪ್ರೆಸ್‌ವೇ ಹಿಡಿದರೆ ಕಣ್ಣಾರೆ ನೋಡಿ ಬರಬಹುದು.

2. ಒಂದು ಅಯಸ್ಕಾಂತ ಕೊಳ್ಳಿ.

ಇಡೀ ಕೆಲಸಕ್ಕೆ ಬೇಕಾದ ದೊಡ್ಡ ಉಪಕರಣ ಇದೊಂದೇ. ಹಳೆ ಸ್ಪೀಕರಿನ ಅಯಸ್ಕಾಂತವಾದರೂ ಸಾಕು. ಗಟ್ಟಿಯಾಗಿ ಅಂಟಿಕೊಂಡರೆ ಕಬ್ಬಿಣ: ಬಾಗಿದ ಹೆಂಚು, ಕಿಟಕಿಯ ಗ್ರಿಲ್ಲು, ಮುರಿದ ಕತ್ತಿ, ಎಣ್ಣೆಯ ತಗಡಿನ ಡಬ್ಬ. ಅಂಟದಿದ್ದರೆ ನಿಮ್ಮ ಕೈಯಲ್ಲಿರುವುದು ಹೆಚ್ಚು ಬೆಲೆಯ ಮಾಲು. ಬೆಳ್ಳಗೆ, ಹಗುರವಾಗಿದ್ದರೆ ಅಲ್ಯೂಮಿನಿಯಂ, ಹಳದಿಯಾಗಿ, ಭಾರವಾಗಿದ್ದರೆ ಹಿತ್ತಾಳೆ, ಕೆಂಪಗಿದ್ದರೆ ತಾಮ್ರ. ಸ್ಟೀಲ್ ಪಾತ್ರೆ ಮಾತ್ರ ಗೊಂದಲ ಮಾಡುತ್ತದೆ. ಒಳ್ಳೆಯ ಜಾತಿಯದು ಅಂಟುವುದಿಲ್ಲ, ಅಗ್ಗದ್ದು ಸ್ವಲ್ಪ ಸ್ವಲ್ಪ ಅಂಟುತ್ತದೆ. ಅದಕ್ಕೆ ಒಂದು ಚೀಲ ಬೇರೆಯೇ ಇರಲಿ.

ಹಳೆ ನಲ್ಲಿಗಳನ್ನು ಎಂದೂ ಕಬ್ಬಿಣದ ರಾಶಿಗೆ ಎಸೆಯಬೇಡಿ. ಮೇಲೆ ಬೆಳ್ಳಿಯಂತೆ ಹೊಳೆಯುವುದು ತೆಳುವಾದ ಲೇಪ. ಅರದಿಂದ ಒಮ್ಮೆ ಉಜ್ಜಿ. ಒಳಗೆ ಹಳದಿ ಕಂಡರೆ ಹಿತ್ತಾಳೆ. ಸಿಡ್ಕೋ ಕಟ್ಟಿದ ಹಳೆಯ ಕಟ್ಟಡಗಳ ಬಚ್ಚಲುಮನೆಗಳಲ್ಲಿ ಈ ಭಾರದ ನಲ್ಲಿಗಳೇ ಹೆಚ್ಚು. ಒಂದು ಮನೆಯ ನವೀಕರಣ ಮುಗಿಯುವಷ್ಟರಲ್ಲಿ ಕಿಲೋಗಟ್ಟಲೆ ಹಿತ್ತಾಳೆ ಡೆಬ್ರಿ ಮೂಟೆಯ ಜೊತೆ ಹೊರಟುಹೋಗಿರುತ್ತದೆ. ಪ್ಲಂಬರ್ ಬರುವ ದಿನವೇ ಹೇಳಿಟ್ಟಿರಿ.

ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಒಂದೊಂದೂ ಹದಿನಾಲ್ಕು ಗ್ರಾಮಿನ ಆಸುಪಾಸು. ಸುಮಾರು 70 ಕೂಡಿದರೆ ಒಂದು ಕಿಲೋ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾದ ವಿದ್ಯುತ್ತು, ಇಂಧನಗಳಲ್ಲಿ ನೂರಕ್ಕೆ 95 ಪಾಲು ಹಳೆಯದನ್ನು ಕರಗಿಸಿದರೆ ಉಳಿಯುತ್ತದೆ. ಕೊಳ್ಳುವವರು ಅದಕ್ಕೆ ಒಳ್ಳೆಯ ದರ ಕೊಡುವುದಕ್ಕೆ ಕಾರಣವೇ ಅದು.

3. ಬೆರಕೆ ಬಿಡಿಸಿ, ಆದರೆ ಬೆಂಕಿ ಹಚ್ಚಬೇಡಿ.

ಕುಕ್ಕರಿನ ಹಿಡಿ, ರಬ್ಬರು, ಸೀಟಿ ಕಳಚಿದರೆ ಉಳಿದದ್ದು ಶುದ್ಧ ಅಲ್ಯೂಮಿನಿಯಂ. ಹಿಡಿಯ ಸಮೇತ ಕೊಟ್ಟರೆ ‘ಮಿಕ್ಸ್ ಮಾಲು’ ಎಂದು ದರ ಇಳಿಯುತ್ತದೆ. ಒಂದು ಸ್ಕ್ರೂಡ್ರೈವರು, ಹತ್ತು ನಿಮಿಷ. ವೈರಿನ ತುಂಡುಗಳನ್ನು ಮಾತ್ರ ಹಾಗೆಯೇ ಕೊಡಿ, ಇಲ್ಲವೇ ಚಾಕುವಿನಿಂದ ಸಿಪ್ಪೆ ತೆಗೆಯಿರಿ. ತಾಮ್ರದ ಆಸೆಗೆ ಟೆರೇಸಿನಲ್ಲಿ ಸುಟ್ಟರೆ ಆ ಪ್ಲಾಸ್ಟಿಕ್ಕಿನ ಹೊಗೆಯಲ್ಲಿ ಡಯಾಕ್ಸಿನ್‌ನಂಥ ಘೋರ ವಿಷ ಇರುತ್ತದೆ. ಸುಟ್ಟ ತಾಮ್ರ ಕಪ್ಪಾಗಿ ದರವೂ ಕಡಿಮೆಯಾಗುತ್ತದೆ. ಎರಡೂ ನಷ್ಟ.

4. ಪ್ಲಗ್ ಇದ್ದರೆ ಪಕ್ಕಕ್ಕೆ.

ಫ್ರಿಜ್ಜು, ಏಸಿ, ಟಿವಿ, ಮಿಕ್ಸಿ: ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು ಯಾವುದೂ ನಮ್ಮ ಡ್ರಮ್ಮಿಗೆ ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಏಸಿಯ ತಾಮ್ರದ ಕೊಳವೆ ಕತ್ತರಿಸಿದರೆ ಒಳಗಿನ ಅನಿಲ ಗಾಳಿ ಸೇರುತ್ತದೆ. ಇನ್ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ. ಗ್ಯಾಸ್ ಸಿಲಿಂಡರ್ ನಿಮ್ಮದಲ್ಲ, ಕಂಪನಿಯದು, ಏಜೆನ್ಸಿಗೆ ಕೊಡಿ. ಬಣ್ಣ ಉಳಿದಿರುವ ಡಬ್ಬ, ಸೊಳ್ಳೆ ಸ್ಪ್ರೇ ಡಬ್ಬ ಮನೆಯ ಅಪಾಯಕಾರಿ ಕಸದ ಬುಟ್ಟಿಗೆ.

5. ಪದಕ ಸಿಕ್ಕರೆ ಕೈ ನಿಲ್ಲಿಸಿ.

ಅಟ್ಟ ಇಳಿಸುವಾಗ, ತೀರಿಹೋದ ಅಜ್ಜನ ಟ್ರಂಕು ತೆರೆಯುವಾಗ, ಹಳೆಯ ಬಿಲ್ಲೆಯೊಂದು ರಿಬ್ಬನ್ ಕಳೆದುಕೊಂಡು ಚಿಲ್ಲರೆಯ ನಡುವೆ ಬಿದ್ದಿರಬಹುದು. ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸೇನಾ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು ಕೊರೆದಿರುತ್ತದೆ. ತೂಕಕ್ಕೆ ಹಾಕಿದರೆ ಅದು ಕೆಲವು ಗ್ರಾಂ ಲೋಹ. ಆ ಮನೆಯವರಿಗೆ ಅದು ಇಡೀ ಮನುಷ್ಯ. ಮನೆಯವರು ಯಾರೆಂದು ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಒಯ್ದು ಕೊಡಿ.

ಹಾಗೆಯೇ ಗುಂಡಿನ ಹಿತ್ತಾಳೆಯ ಕವಚ, ಶೆಲ್ಲಿನಂಥ ವಸ್ತು ಕಂಡರೆ ಅಲುಗಾಡಿಸಬೇಡಿ, ಅರ ಹಾಕಬೇಡಿ. ಖಾಲಿಯೋ ಜೀವಂತವೋ ಎಂದು ನೋಡಿ ಹೇಳುವುದು ನಮ್ಮ ಕೆಲಸವಲ್ಲ. 112ಕ್ಕೆ ಫೋನ್ ಮಾಡಿ.

6. ಅಜ್ಜಿಯ ಹಂಡೆಯನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ.

ನಮ್ಮವರ ಮನೆಗಳಲ್ಲಿ ಊರಿನಿಂದ ಬಂದ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ತಟ್ಟೆ ಬಾಲ್ಕನಿಯ ಮೂಲೆಯಲ್ಲಿ ತುಳಸಿ ಗಿಡಕ್ಕೋ ಹಳೆ ಪೇಪರಿಗೋ ಆಸರೆಯಾಗಿ ಕೂತಿರುತ್ತವೆ. ಹಂಡೆಯ ಕಂಠದಲ್ಲಿ ಹೆಸರು ಕೊರೆಸಿರುತ್ತದೆ. ಡ್ರಮ್ಮು ಇಟ್ಟ ಉತ್ಸಾಹದಲ್ಲಿ ಅದನ್ನು ತಂದು ಹಾಕುವವರಿದ್ದಾರೆ. ನಾನು ಒಮ್ಮೆ ತಡೆದಿದ್ದೇನೆ. ಸೊಸೆ ತಂದಿದ್ದಳು, ಅತ್ತೆಗೆ ಗೊತ್ತಿರಲಿಲ್ಲ. ಇಂಥ ಕೆಲಸಕ್ಕೆ ಒಂದು ಮನೆಯಲ್ಲಿ ಕಣ್ಣೀರು ಬಂದರೆ ಮರುವರ್ಷ ಆ ಮಹಡಿಯಿಂದ ಒಂದು ಚಮಚವೂ ಬರುವುದಿಲ್ಲ. ತೂತು ಬಿದ್ದ ಪಾತ್ರೆಯನ್ನೂ ಕೇಳಿಯೇ ತನ್ನಿ.

7. ನೀರು ನಿಲ್ಲದ ಜಾಗದಲ್ಲಿಡಿ.

ಬೇಲಾಪುರದಲ್ಲಿ ಖಾಡಿಯ ಉಪ್ಪು ಗಾಳಿ ಒಂದು ಕಡೆ, ಪಾರ್ಸಿಕ್ ಗುಡ್ಡದ ಮಳೆ ಇನ್ನೊಂದು ಕಡೆ. ಗ್ರಿಲ್ಲುಗಳು ಬೇಗ ತುಕ್ಕು ತಿಂದುಹೋಗುವುದರಿಂದ ಮಳೆಗಾಲ ಮುಗಿಯುತ್ತಲೇ ಕಬ್ಬಿಣ ಹೆಚ್ಚು ಬರುತ್ತದೆ, ನಿಜ. ಆದರೆ ಬಯಲಲ್ಲಿ ಬಿಟ್ಟ ಡಬ್ಬಗಳಲ್ಲಿ ನಿಂತ ಎರಡು ಬೆರಳು ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಡಬ್ಬಗಳನ್ನು ತೊಳೆದು, ಒಣಗಿಸಿ, ಬೋರಲು ಹಾಕಿ. ಡ್ರಮ್ಮಿಗೆ ಮುಚ್ಚಳ, ತಳದಲ್ಲಿ ನಾಲ್ಕು ತೂತು. ಜೂನ್‌ಗೆ ಮೊದಲು ಒಮ್ಮೆ ಪೂರ್ತಿ ಖಾಲಿ ಮಾಡಿ.

8. ಕೈಗಾಡಿಯವರನ್ನು ಬಿಟ್ಟು ಹೋಗಬೇಡಿ.

ನೇರವಾಗಿ ದೊಡ್ಡ ವ್ಯಾಪಾರಿಗೆ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂದು ಲೆಕ್ಕ ಹಾಕುವವರು ಪ್ರತಿ ಸೊಸೈಟಿಯಲ್ಲಿ ಇರುತ್ತಾರೆ. ಸೈನಿಕನ ಹೆಸರಿನಲ್ಲಿ ಇನ್ನೊಬ್ಬ ಬಡವನ ಹೊಟ್ಟೆಯ ಮೇಲೆ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ವರ್ಷವಿಡೀ ಬಿಸಿಲಲ್ಲಿ ಗಾಡಿ ತಳ್ಳಿ ನಮ್ಮ ಮನೆಬಾಗಿಲಿಗೆ ಬರುವವರಿಗೇ ಮೊದಲ ಹಕ್ಕು. ಅವರಿಂದ ಅಂಗಡಿಗೆ, ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಕುಲುಮೆಗೆ. ಕಬ್ಬಿಣ ಜಾಲನಾದಂಥ ಕಡೆ ಕಟ್ಟಡದ ಸರಳಾಗುತ್ತದೆ. ಹಿತ್ತಾಳೆ ಜಾಮ್‌ನಗರದಂಥ ಊರು ಸೇರಿ ಹೊಸ ನಲ್ಲಿ, ನಟ್ಟು, ಬೋಲ್ಟುಗಳಾಗುತ್ತದೆ. ಈ ದೊಡ್ಡ ಸರಪಣಿಯ ಮೊದಲ ಕೊಂಡಿ ಆ ಕೈಗಾಡಿ.

ನವಿಮುಂಬಯಿಯಲ್ಲಿ ಕಸ ಆಯುವ ಹೆಣ್ಣುಮಕ್ಕಳನ್ನು ಸಂಘಟಿಸಿರುವ ಸ್ತ್ರೀ ಮುಕ್ತಿ ಸಂಘಟನಾ ಕೂಡ ಇದೆ. ನಿಮ್ಮ ಸೊಸೈಟಿಯ ಒಣಕಸವನ್ನು ಅಂಥ ಹೆಣ್ಣುಮಕ್ಕಳು ಒಯ್ಯುತ್ತಿದ್ದರೆ ಅದರಲ್ಲಿನ ಡಬ್ಬಿ ತಗಡುಗಳನ್ನು ಮುಟ್ಟಬೇಡಿ, ಅದು ಅವರ ದುಡಿಮೆ. ಡ್ರಮ್ಮಿಗೆ ಅಟ್ಟದ ಮೇಲಿನ, ನವೀಕರಣದ, ಎಷ್ಟೋ ವರ್ಷದಿಂದ ಯಾರ ಕೈಗೂ ಹೋಗದ ಲೋಹ ಸಾಕು.

9. ತೂಕ ಎಲ್ಲರ ಎದುರಿಗೆ.

ಭಾನುವಾರ ಬೆಳಿಗ್ಗೆ, ಗೇಟಿನ ಬಳಿ. ಹಿಂದಿನ ದಿನ ಮೂರು ಕಡೆ ದರ ಕೇಳಿ ಬರೆದಿಟ್ಟುಕೊಳ್ಳಿ. ಲೋಹದ ದರ ದಿನದಿನಕ್ಕೂ ಏರಿಳಿಯುತ್ತದೆ. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಬೇಡ. ತೂಕ ಅಳತೆ ಇಲಾಖೆಯ ಮುದ್ರೆಯಿರುವ ಎಲೆಕ್ಟ್ರಾನಿಕ್ ತಕ್ಕಡಿ ತರಲು ಮೊದಲೇ ಹೇಳಿ. ಕಬ್ಬಿಣ, ಸ್ಟೀಲು, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಒಂದೊಂದೇ ತೂಗಿಸಿ. ಎಲ್ಲ ಒಟ್ಟಿಗೆ ತೂಗಿಸಿದ ದಿನ ತಾಮ್ರ ಕಬ್ಬಿಣದ ಬೆಲೆಗೆ ಹೋಗುತ್ತದೆ. ಮೊದಲ ವರ್ಷ ನಮಗೆ ಆದದ್ದು ಅದೇ.

ಕಟ್ಟಡದ ಹಳೆ ಗೇಟು, ನೀರಿನ ಪಂಪಿನ ಕವಚ, ಲಿಫ್ಟಿನ ಹಗ್ಗ ಇಂಥವು ಬಂದಾಗ ತಡೆಯಿರಿ. ಅವು ಎಲ್ಲ ಸದಸ್ಯರ ಸ್ವತ್ತು. ಕಮಿಟಿಯ ಸಭೆಯಲ್ಲಿ ನಿರ್ಣಯ ಬರೆಸಿ, ಸಹಿ ಹಾಕಿಸಿ, ಆಮೇಲೆ ಮಾರಿ. ಪುನರಭಿವೃದ್ಧಿಗೆ ಹೊರಟ ಕಟ್ಟಡವಾದರೆ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು, ಗ್ರಿಲ್ಲು ಯಾರಿಗೆ ಸೇರಬೇಕೆಂದು ಬಿಲ್ಡರ್ ಜೊತೆಗಿನ ಕರಾರಿನಲ್ಲೇ ಬರೆದಿರಬೇಕು. ಕೆಡವುವ ದಿನ ಕೇಳಿದರೆ ಯಾರೂ ಕೊಡುವುದಿಲ್ಲ.

10. ಲೆಕ್ಕ ನೋಟಿಸ್ ಬೋರ್ಡಿನ ಮೇಲೆ.

ಎಷ್ಟು ಕಿಲೋ, ಯಾವ ದರ, ಎಷ್ಟು ಹಣ, ಎಲ್ಲಿಗೆ ಕಟ್ಟಿದೆವು. ನಾಲ್ಕೇ ಸಾಲು, ಕೆಳಗೆ ರಸೀದಿಯ ಪ್ರತಿ. ಇದನ್ನು ಅಂಟಿಸಿದ ವಾರವೇ ಹೊಸ ಮನೆಗಳು ಸೇರುತ್ತವೆ. ಚಹಾ, ಬಿಸ್ಕತ್ತು, ಟೆಂಪೋ ಖರ್ಚನ್ನು ಈ ಹಣದಿಂದ ತೆಗೆಯಬೇಡಿ, ಕೈಯಿಂದ ಹಾಕಿ.

11. ಹಣ ನೇರ ನಿಧಿಗೆ, ಚೆಕ್ಕಿನಲ್ಲಿ.

ವಸ್ತುವನ್ನೇ ದಾನ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ. ಆದ್ದರಿಂದ ಮಾರಿ, ಹಣವನ್ನು ಬ್ಯಾಂಕಿಗೆ ಹಾಕಿ, ಚೆಕ್ಕು ಬರೆಯಿರಿ. ಧ್ವಜದಿನ ನಿಧಿಗೆ ಕೊಟ್ಟದ್ದಕ್ಕೆ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿನಾಯಿತಿ ಸಿಗುತ್ತದೆ.

ಕಚೇರಿ ಯಾವುದು? ಬೇಲಾಪುರ, ನೆರೂಳ್, ವಾಶಿ, ಐರೋಲಿ ಠಾಣೆ ಜಿಲ್ಲೆಗೆ ಸೇರಿದವು. ಕಲ್ಯಾಣ, ಡೊಂಬಿವಲಿಯೂ ಅಷ್ಟೇ. ಇವರೆಲ್ಲರಿಗೂ ಠಾಣೆಯ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಆದರೆ ಪಕ್ಕದ ಖಾರ್ಘರ್, ಕಳಂಬೋಲಿ, ಪನವೇಲ್ ರಾಯಗಢ ಜಿಲ್ಲೆ. ಅವರು ಅಲಿಬಾಗ್ ಕಡೆ ನೋಡಬೇಕು. ಒಂದು ಸ್ಟೇಷನ್ನಿನ ಅಂತರದಲ್ಲಿ ಜಿಲ್ಲೆ ಬದಲಾಗುತ್ತದೆ. ಖಾರ್ಘರಿನ ಜಲವಾಯು ವಿಹಾರದಂಥ ಕಡೆ ನೌಕಾಪಡೆ, ವಾಯುಪಡೆಯಿಂದ ನಿವೃತ್ತರಾದವರೇ ಬಹಳ ಮಂದಿ. ದಾರಿ ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ, ಸಂತೋಷದಿಂದ ಜೊತೆಗೆ ಬರುತ್ತಾರೆ. ಮರಾಠಿಯಲ್ಲಿ ‘ಧ್ವಜದಿನ ನಿಧೀ’ ಎಂದರೆ ಕಚೇರಿಯವರಿಗೆ ತಕ್ಷಣ ತಿಳಿಯುತ್ತದೆ. ಊರಿನ ಕಡೆಗೇ ಕೊಡಬೇಕೆಂದಿದ್ದರೆ ಕರ್ನಾಟಕದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಬೆಂಗಳೂರಿನಲ್ಲಿದೆ. ಬೆಳಗಾವಿ, ಮಡಿಕೇರಿಗಳಲ್ಲಿ ಅದರ ಜಿಲ್ಲಾ ಕಚೇರಿಗಳಿವೆ.

ವಾಟ್ಸಾಪ್‌ನಲ್ಲಿ ಬಂದ ಖಾತೆ ಸಂಖ್ಯೆಗೆ, ಕ್ಯೂಆರ್ ಕೋಡಿಗೆ ಒಂದು ರೂಪಾಯಿಯೂ ಬೇಡ. 2025ರ ಏಪ್ರಿಲ್‌ನಲ್ಲಿ ಸೇನೆಯ ಆಧುನೀಕರಣಕ್ಕೆ, ಗಾಯಾಳು ಸೈನಿಕರಿಗೆ ಎಂದು ಒಂದು ಸಂದೇಶ ದೇಶವಿಡೀ ಹರಿದಾಡಿದಾಗ ಅದು ದಾರಿ ತಪ್ಪಿಸುವಂಥದ್ದು ಎಂದು ರಕ್ಷಣಾ ಸಚಿವಾಲಯವೇ ಹೇಳಬೇಕಾಯಿತು. ಖಾತೆಯ ವಿವರವನ್ನು ಕೇಂದ್ರೀಯ ಸೈನಿಕ ಮಂಡಳಿಯ ಅಧಿಕೃತ ಜಾಲತಾಣದಿಂದ ಮಾತ್ರ ತೆಗೆದುಕೊಳ್ಳಿ.

ನಿಮ್ಮ ಕಟ್ಟಡದೊಳಗೆ ಕೂಡಿಸಿ ನಿಧಿಗೆ ಕಟ್ಟುವುದು ಒಂದು. ಬೀದಿಬೀದಿ ತಿರುಗಿ ವಂತಿಗೆ ಎತ್ತುವುದೇ ಬೇರೆ. ಮಹಾರಾಷ್ಟ್ರದಲ್ಲಿ ಗಣೇಶೋತ್ಸವ ಮಂಡಳಿಗಳು ಚಾರಿಟಿ ಕಮಿಷನರ್ ಕಚೇರಿಯಿಂದ 41ಸಿ ಕಲಮಿನ ಅನುಮತಿ ಪಡೆಯುತ್ತವಲ್ಲ, ಹಾಗೆ. ನಮ್ಮ ಕನ್ನಡ ಸಂಘಗಳು ಇದನ್ನು ದೊಡ್ಡದಾಗಿ ಮಾಡುವುದಾದರೆ ಆ ಕಾಗದ ಮೊದಲು ಆಗಲಿ.

12. ಹಣಕ್ಕಿಂತ ಮೊದಲು ಒಂದು ಫಾರಂ ತುಂಬಿ.

ಇದನ್ನು ನನಗೆ ಕಲಿಸಿದವರು ನಮ್ಮ ಗೇಟಿನ ವಾಚ್‌ಮನ್. ಬೆಳಗಾವಿ ಜಿಲ್ಲೆಯವರು, ಹವಾಲ್ದಾರರಾಗಿ ನಿವೃತ್ತರಾದವರು. ನವಿಮುಂಬಯಿಯ ಎಷ್ಟು ಗೇಟುಗಳಲ್ಲಿ ಸೈನ್ಯದಿಂದ ಬಂದವರು ನಿಂತಿದ್ದಾರೆಂದು ನಾವು ಗಮನಿಸಿಯೇ ಇರುವುದಿಲ್ಲ. ಬೆನ್ನು ನೆಟ್ಟಗಿರುವ ರೀತಿ ನೋಡಿದರೆ ಗೊತ್ತಾಗಬೇಕು. ಮೊದಲ ವರ್ಷದ ಹಣ ಬಂದಾಗ, ದೂರದ ನಿಧಿ ಏಕೆ, ಎದುರಿಗೇ ಇದ್ದಾರಲ್ಲ ಎಂದು ನಾವು ಲಕೋಟೆ ಹಿಡಿದು ಅವರ ಮುಂದೆ ನಿಂತೆವು. ಅವರು ಎದ್ದು ನಿಂತರು. ಲಕೋಟೆ ಮುಟ್ಟಲಿಲ್ಲ.

‘ನನಗ ಪೆನ್ಶನ್ ಬರತೈತ್ರಿ ಸರ್, ರೊಕ್ಕ ಬ್ಯಾಡ್ರಿ. ಊರಾಗ ನಮ್ಮ ದೊಡ್ಡವ್ವ ಅದಾಳ. ದೊಡ್ಡಪ್ಪನೂ ಮಿಲಿಟ್ರಿನ ಇದ್ದ, ಹದಿನೈದ್ ವರ್ಷ ಆಗಿದ್ದಿಲ್ಲ, ಪೆನ್ಶನ್ ಇಲ್ಲ. ಆಕೀದೊಂದು ಫಾರಂ ತುಂಬಿ ಕೊಟ್ರ ಭಾಳ ಉಪಕಾರ ಆಕ್ಕೈತ್ರಿ.’

ನಿಧಿಯಲ್ಲಿ ಹಣವಿದ್ದೂ ಅದು ತಲುಪದ ಮನೆ ಹೇಗಿರುತ್ತದೆ ಎಂದು ಆವತ್ತು ತಿಳಿಯಿತು. ಆ ತಾಯಿಯ ಬಳಿ ಗಂಡನ ಡಿಸ್ಚಾರ್ಜ್ ಬುಕ್ ಇತ್ತು. ಸೀರೆಯ ಮಡಿಕೆಯಲ್ಲಿ ಸುತ್ತಿ ಇಟ್ಟಿದ್ದರಂತೆ. ವಿಧವೆಯ ಗುರುತಿನ ಚೀಟಿ ಮಾಡಿಸಿರಲಿಲ್ಲ. ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗು. ಅರ್ಜಿ ಆನ್‌ಲೈನ್‌ನಲ್ಲಿ, ಅವರ ಮನೆಯಲ್ಲಿ ಇದ್ದದ್ದು ಬಟನ್ ಫೋನು. ನಮ್ಮ ಸೊಸೈಟಿಯ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ, ಒಬ್ಬಳು ಕಾಲೇಜು ಹುಡುಗಿ, ಹವಾಲ್ದಾರರು, ನಾನು, ನಾಲ್ಕು ಸಂಜೆ ಕೂತೆವು. ಹೆಸರಿನ ವ್ಯತ್ಯಾಸಕ್ಕೆ ಅಫಿಡವಿಟ್ಟು, ವಯಸ್ಸಿನ ದಾಖಲೆ, ಪಾಸ್‌ಬುಕ್ಕಿನ ಪ್ರತಿ. ಗುರುತಿನ ಚೀಟಿಗೆ ಮೊದಲು ಅರ್ಜಿ, ಅದಾದ ಮೇಲೆ ನೆರವಿಗೆ. ಗುಜರಿಯ ಹಣದಲ್ಲಿ ಒಂದು ಪೈಸೆಯೂ ಇದಕ್ಕೆ ಬೇಕಾಗಲಿಲ್ಲ. ಅಂದಿನಿಂದ ತೂಕದ ಭಾನುವಾರ ಗೇಟಿನ ಬಳಿ ಎರಡು ಮೇಜು ಹಾಕುತ್ತೇವೆ: ಒಂದು ತಕ್ಕಡಿಗೆ, ಒಂದು ಫಾರಮ್ಮಿಗೆ. ಅಕ್ಕಪಕ್ಕದ ಕಟ್ಟಡಗಳ ವಾಚ್‌ಮನ್‌ಗಳು, ಡ್ರೈವರುಗಳು ಬಂದು ಕೇಳುತ್ತಾರೆ. ಸಾತಾರಾದವರು, ಕೊಲ್ಹಾಪುರದವರು, ನಮ್ಮ ಚಿಕ್ಕೋಡಿ, ಗೋಕಾಕದವರು. ಮನೆಗೊಬ್ಬ ಸಿಪಾಯಿಯನ್ನು ಕಳಿಸಿದ ಸೀಮೆಯಿಂದ ಬಂದವರು.

ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದರು. 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಸಮವಸ್ತ್ರ ಕಳಚಿದ ಮೇಲೂ ಜವಾನನ ಪರವಾಗಿ ಮಾತಾಡುವವರು ಬೇಕು ಎಂಬುದು ಸೇನೆಯ ತುತ್ತತುದಿಯಲ್ಲಿದ್ದವರಿಗೇ ಗೊತ್ತಿತ್ತು. ಒಂದು ಫಾರಂ ತುಂಬಿಕೊಡುವುದು ಆ ಕೆಲಸದ ಚಿಕ್ಕ ತುಣುಕು.

13. ದೀಪಾವಳಿಯಿಂದ ಡಿಸೆಂಬರ್ 7ರವರೆಗೆ.

ಇಡೀ ವರ್ಷ ಓಡಾಡಲು ಯಾರಿಗೂ ಬಿಡುವಿಲ್ಲ. ಆಯುಧಪೂಜೆಗೆ ಮನೆಯ ಕತ್ತಿ, ಸುತ್ತಿಗೆ, ಸ್ಪ್ಯಾನರ್ ತೊಳೆದು ಕುಂಕುಮ ಇಡುವಾಗಲೇ ಕೆಲಸಕ್ಕೆ ಬಾರದವನ್ನು ಬೇರೆ ಮಾಡಿ. ದೀಪಾವಳಿಗೆ ಅಟ್ಟ ಇಳಿಸುತ್ತೀರಿ. ಅದೇ ವಾರ ಡ್ರಮ್ಮು ತುಂಬುತ್ತದೆ. ನವೆಂಬರಿನ ಒಂದು ಭಾನುವಾರ ತೂಕ, ಮುಂದಿನ ವಾರ ಚೆಕ್ಕು, ಡಿಸೆಂಬರ್ 7ಕ್ಕೆ ರಸೀದಿ ಬೋರ್ಡಿನ ಮೇಲೆ.

ಆ ದಿನ ಮಕ್ಕಳನ್ನು ಕೂರಿಸಿಕೊಂಡು ವಿಕ್ರಾಂತದ ಕಥೆ ಹೇಳಿ. ಖಾಡಿಯಾಚೆಯ ಮುಂಬಯಿಯಲ್ಲೇ ನಡೆದದ್ದು. 1961ರ ಮಾರ್ಚ್ 4ರಂದು ನೌಕಾಪಡೆ ಸೇರಿದ, ನಮ್ಮ ಮೊದಲ ವಿಮಾನವಾಹಕ ನೌಕೆ. 1971ರ ಯುದ್ಧದಲ್ಲಿ ಅದರ ಮೇಲಿಂದ ಹಾರಿದ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ಮಾಡಿದವು. 1997ರ ಜನವರಿ 31ರಂದು ನಿವೃತ್ತಿ, ಕೆಲವು ವರ್ಷ ಮುಂಬಯಿಯಲ್ಲಿ ತೇಲುವ ಸಂಗ್ರಹಾಲಯ, 2014ರಲ್ಲಿ ಹರಾಜು. ದಾರುಖಾನಾದ ಹಡಗು ಒಡೆಯುವ ಅಂಗಳದಲ್ಲಿ ಅದನ್ನು ತುಂಡು ತುಂಡಾಗಿ ಕತ್ತರಿಸಿದರು. ಆ ಲೋಹದಲ್ಲಿ ಒಂದಿಷ್ಟನ್ನು ಬಜಾಜ್ ಕಂಪನಿ ಕೊಂಡು, ಕರಗಿಸಿ, 2016ರಲ್ಲಿ ‘ವಿ15’ ಬೈಕಿಗೆ ಬಳಸಿತು. ನೌಕೆಯ ಲೋಹದಿಂದಲೇ ಮಾಡಿದ ಒಂದು ಸ್ಮಾರಕ ಶಿಲ್ಪ ನೌಕಾನೆಲೆಯ ಲಯನ್ ಗೇಟಿನ ಬಳಿ ನಿಂತಿದೆ. ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಒಂದು ವಿ15 ಇದೆ. ಮಕ್ಕಳು ಈಗ ಅದನ್ನು ಮುಟ್ಟಿ ಮುಟ್ಟಿ ಹೋಗುತ್ತಾರೆ.

ಡಿಸೆಂಬರ್ 8ರ ಬೆಳಿಗ್ಗೆ ಡ್ರಮ್ಮನ್ನು ತೊಳೆದು, ಒರೆಸಿ, ಮತ್ತೆ ಮೆಟ್ಟಿಲಡಿ ಇಡಿ. ಕಳೆದ ಸಲ ಅದಕ್ಕೆ ಮೊದಲು ಬಿದ್ದದ್ದು ಮೂರನೇ ಮಹಡಿಯ ಹುಡುಗಿಯ ಹಳೇ ಟಿಫಿನ್ ಡಬ್ಬಿ. ಹವಾಲ್ದಾರರು ಎದ್ದು ಬಂದು ಅಯಸ್ಕಾಂತ ಹಿಡಿದು ನೋಡಿ, ರಿಜಿಸ್ಟರಿನ ಹೊಸ ಪುಟದಲ್ಲಿ ಬರೆದುಕೊಂಡರು: ಅಲ್ಯೂಮಿನಿಯಂ, 180 ಗ್ರಾಂ.